ಜಟ್ಟಿಗೆ ನಾಯಿ ಎತ್ತಲು ಕಲಿಸಿದ್ದು

ಆಗೆಲ್ಲ ನಮ್ಮ ಸಾಲಹಳ್ಳಿಗೆ ಚಳಿಗಾಲ ಬಂತೆಂದು ಸಾರುತ್ತಿದ್ದುದು ಸೀತನಿಯ ವಾಸನೆ. ಹಾಲುಗಾಳಿನ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಡಿದು ಕಾಳು ಉದುರಿಸಿ, ಶೇಂಗಾ ಚಟ್ನಿ ಹಚ್ಚಿಕೊಂಡು ಬಾಯಿ ಸುಡುವಾಗಲೇ ಮುಕ್ಕುತ್ತಿದ್ದೆವು. ಸಾಲೆ ಬಿಟ್ಟ ಮೇಲೆ ಕತ್ತಲಾಗುವವರೆಗೆ ಲಗೋರಿ. ಎಲ್ಲ ಮಕ್ಕಳ ಮೈಯೂ ಹೊಗೆ ನಾರುತ್ತಿತ್ತು. ನನ್ನ ಲಂಗಕ್ಕೆ ಮಾತ್ರ ಫಿನಾಯಿಲ್ ವಾಸನೆಯೂ ಅಂಟಿರುತ್ತಿತ್ತು, ಏಕೆಂದರೆ ಅಪ್ಪ ದನದ ದವಾಖಾನೆಯಲ್ಲಿ ಜವಾನ. ಸಂಜೆ ಹೊತ್ತು ನಾನು ಅಲ್ಲೇ ಕೂತು ಮಗ್ಗಿ ಬರೆಯುತ್ತಿದ್ದೆ.

ಒಂದು ದಿನ ನಮ್ಮ ಓಣಿಯ ನಾಯಿಮರಿಯನ್ನು ಮುಂಗಾಲು ಹಿಡಿದು ಜೋತಾಡಿಸುತ್ತ ತಂದಿದ್ದೆ. ಅದು ಕುಂಯ್‌ಗುಡುತ್ತಿತ್ತು. ಅಪ್ಪ ಎಂದೂ ನನ್ನನ್ನು ಬೈದವನಲ್ಲ, ಅವತ್ತು ಬೈದ.

"ಇಳಿಸದನ್ನ! ನಿನ್ನ ರಟ್ಟಿ ಹಿಡದು ಹಿಂಗ ಜೋತಾಡಿಸಿದ್ರ ಹೆಂಗಾಕ್ಕೈತಿ?"

ಆಮೇಲೆ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ತಾನೇ ಎತ್ತಿ ತೋರಿಸಿದ. "ಎದಿಗೊಂದು ಕೈ, ಕುಂಡಿಗೊಂದು ಕೈ. ಬೆನ್ನು ಸಮ ಇರಬೇಕು. ಎದಿಗೆ ಅವಚ್ಕೊ, ಹೊಟ್ಟಿ ಮಾತ್ರ ಹಿಚುಕಬ್ಯಾಡ. ಇಳಿಸೂಮುಂದ ನಾಕೂ ಕಾಲು ನೆಲಾ ಮುಟ್ಟೂತನಕ ಬಿಡಬ್ಯಾಡ."

ಆ ವರ್ಷ ನಮ್ಮ ಓಣಿಯಲ್ಲಿ ನಾನು ಎತ್ತದ ನಾಯಿ ಉಳಿಯಲಿಲ್ಲ. ಎತ್ತೆತ್ತಿ ಕೈ ಪಳಗಿತು. ನನಗೆ ಹನ್ನೊಂದು ವರ್ಷ.

ಊರಿನ ಜಟ್ಟಿ ಎಂದರೆ ರುದ್ರಗೌಡರು. ಕಲ್ಲು ಎತ್ತುವ ಪಂದ್ಯದಲ್ಲಿ ಮೂರು ಮಂದಿ ಹೊರಳಿಸಲಾಗದ ಗುಂಡನ್ನು ಅವರು ಹೆಗಲಿಗೇರಿಸಿ ಹಿಂದಕ್ಕೆ ಒಗೆಯುತ್ತಿದ್ದರು. ಗೆದ್ದಾಗ ಕಟ್ಟಿದ ಕೇಸರಿ ಪಟಕವನ್ನೇ ನಿತ್ಯ ತಲೆಗೆ ಸುತ್ತಿಕೊಂಡು ತಿರುಗುತ್ತಿದ್ದರು. ದೊಡ್ಡ ಹೊಲ, ದೊಡ್ಡ ಮನೆ. ನಮ್ಮದು ಬುದ್ಧನ ಪಟ ತೂಗುಹಾಕಿದ ಎರಡು ಖೋಲಿಯ ಮನೆ. ಅವರ ಕಡೆಯವರು ಕೆಲಸವಿದ್ದಾಗ ಬಂದರೂ ಅಂಗಳದಲ್ಲೇ ನಿಂತು ಮಾತಾಡಿ ಹೋಗುತ್ತಿದ್ದರು.

ಒಂದು ಮಧ್ಯಾಹ್ನ ಕಬ್ಬಿನ ಟ್ರ್ಯಾಕ್ಟರೊಂದು ತಿರುವಿನಲ್ಲಿ ಗೌಡರ ನಾಯಿ ಕಾಳ್ಯಾನ ಮುಂಗಾಲ ಮೇಲೆ ಹಾಯ್ದುಹೋಯಿತು. ನಾವು ಓಡಿಹೋಗಿ ನೋಡಿದರೆ ಅದು ರಸ್ತೆಯ ನಡುವೆ ಬಿದ್ದು ಹಲ್ಲು ಕಿರಿಯುತ್ತಿತ್ತು. ಸುದ್ದಿ ಕೇಳಿ ಬಂದ ಗೌಡರು ಅದನ್ನು ಕೂಸಿನಂತೆ ಕಂಕುಳಿಗೆ ಕೈಹಾಕಿ ಎತ್ತಿದರು. ಕಾಳ್ಯಾ ಚೀರಿ ಅವರ ಕೈಗೇ ಬಾಯಿ ಹಾಕಿತು. ರಕ್ತ ಸುರಿಯಿತು. ಗೌಡರು ಮತ್ತೆ ಎತ್ತಲು ಹೋದರು, ಅದು ಮತ್ತೆ ಚೀರಿತು. ಅಷ್ಟು ದೊಡ್ಡ ಮನುಷ್ಯನ ಕಣ್ಣಲ್ಲಿ ನೀರು.

ಅಪ್ಪ ಔಷಧಿ ತರಲು ರಾಮದುರ್ಗಕ್ಕೆ ಹೋಗಿದ್ದ. ನನಗೆ ತಡೆಯಲಾಗಲಿಲ್ಲ.

"ಗೌಡ್ರ, ಹಂಗ ಎತ್ತಬ್ಯಾಡ್ರಿ. ಅದರ ಭಾರೆಲ್ಲಾ ಮುರದ ಕಾಲಿನ ಮ್ಯಾಲೆ ಬೀಳಾಕ್ಹತ್ತೈತ್ರಿ."

"ಏ ಹುಡುಗಿ, ಸರಿ ಅತ್ತಾಗ! ನಿನಗೇನ್ ತಿಳಿತೈತಿ?" ಎಂದು ಯಾರೋ ಗದರಿದರು.

ಗೌಡರು ಕೈಯೆತ್ತಿ ಅವರನ್ನು ಸುಮ್ಮನಾಗಿಸಿದರು. ನನ್ನೆದುರು ಮೊಣಕಾಲೂರಿ ಕೇಳಿದರು: "ಮತ್ತ ಹೆಂಗ ಎತ್ತಲಿ? ಹೇಳು."

"ಮೊದಲ ಬಾಯಿ ಕಟ್ಟಬೇಕ್ರಿ. ಅರಿವಿ ಕೊಡ್ರಿ."

ಅವರು ಹಿಂದೆಮುಂದೆ ನೋಡಲಿಲ್ಲ, ಪಟಕ ಬಿಚ್ಚಿದರು. ಅದರ ಅಂಚು ಹರಿದುಕೊಂಡು, ಮೂಗಿನ ಹೊಳ್ಳೆಗೆ ತಾಗದಂತೆ ಮೂತಿಗೆ ಸುತ್ತಿ ಕಿವಿಯ ಹಿಂದೆ ಗಂಟು ಹಾಕಿದೆ.

"ಈಗ ಬಾಜೂಕ ಬಂದು ಕುಂದರ್ರಿ. ನಿಂತು ಬಗ್ಗಬ್ಯಾಡ್ರಿ, ಅಂಜತೈತಿ. ಒಂದು ಕೈ ಎದಿ ಮುಂದ ಹಾಕ್ರಿ, ಕಾಲಿಗೆ ತಗಲಬಾರದು. ಇನ್ನೊಂದು ಕೈ ಹಿಂದ, ತೊಡಿ ಕೆಳಗ. ಎರಡೂ ಕೂಡಿಸಿ ಎದಿಗೆ ತಗೊಂಡು, ಸಾವಕಾಶ ಏಳ್ರಿ."

ಕಲ್ಲು ಎತ್ತುವಾಗ ಊರು ಅದುರುವಂತೆ ಗುಟುರು ಹಾಕುತ್ತಿದ್ದ ಮನುಷ್ಯ ಉಸಿರೂ ಕೇಳಿಸದಂತೆ ಎದ್ದುನಿಂತರು. ಕಾಳ್ಯಾ ಚೀರಲಿಲ್ಲ, ಅವರ ತೋಳಿಗೆ ತಲೆ ಆನಿಸಿತು. ದವಾಖಾನೆಯವರೆಗೂ ನಾನು ಪಕ್ಕದಲ್ಲೇ ನಡೆದೆ. ಹತ್ತು ಹೆಜ್ಜೆಗೊಮ್ಮೆ ಅವರು ಕೇಳುತ್ತಿದ್ದರು: "ಬರೋಬ್ಬರಿ ಹಿಡದೇನಿಲ್ಲವಾ?"

"ಹಿಂದಿನ ಕಾಲು ಜೋಲಾಕ್ಹತ್ಯಾವ್ರಿ, ಸ್ವಲ್ಪ ಮ್ಯಾಲಕ್ಕ ತಗೋರಿ."

ಅವರು ಮೇಲಕ್ಕೆ ತಗೊಳ್ಳುತ್ತಿದ್ದರು. ನಮ್ಮ ಹಿಂದೆ ಅರ್ಧ ಊರು ಬರುತ್ತಿತ್ತು.

ಡಾಕ್ಟರಮ್ಮ ಕಾಲು ಪರೀಕ್ಷಿಸಿ, "ಎಲುಬು ಸರದಿಲ್ಲ, ಪುಣ್ಯಾ ಬಂತು. ಇಷ್ಟು ನಾಜೂಕಾಗಿ ಯಾರು ಎತ್ತಿಕೊಂಡ್ ಬಂದ್ರಿ?" ಎಂದರು.

"ಎತ್ತಿದಾಂವ ನಾನ್ರಿ ಬಾಯಾರ," ಎಂದರು ಗೌಡರು. "ಎತ್ತಾಕ ಕಲಿಸಿದಾಕಿ ಈಕಿ."

ಬಾಗಿಲಲ್ಲಿ ನೆರೆದವರೆಲ್ಲ ನನ್ನತ್ತ ತಿರುಗಿದರು. ನನ್ನನ್ನು ಗದರಿದವರೂ ಅಲ್ಲಿದ್ದರು. ನಾನು ಲಂಗದ ಧೂಳು ಝಾಡಿಸಿಕೊಂಡು ಎಷ್ಟು ಎತ್ತರ ನಿಲ್ಲಬಹುದೋ ಅಷ್ಟು ಎತ್ತರ ನಿಂತೆ.

ದೀಪ ಹಚ್ಚುವ ಹೊತ್ತಿಗೆ ಗೌಡರು ನಮ್ಮ ಮನೆಗೆ ಬಂದರು. ಒಂದು ಕೈಗೆ ಬ್ಯಾಂಡೇಜು, ತಲೆ ಬರಿದು. ಅವ್ವ ಗಡಿಬಿಡಿಯಿಂದ ಅಂಗಳಕ್ಕೆ ಕೌದಿ ತಂದಳು. ಅವರು, "ಒಳಗ ಹಾಸವಾ," ಎಂದು ಗಿಡ್ಡ ಬಾಗಿಲಲ್ಲಿ ತಲೆ ತಗ್ಗಿಸಿ ಒಳಬಂದು ಕೂತರು. ನಮ್ಮ ಕಪ್ಪಿನಲ್ಲೇ ಚಹಾ ಕುಡಿದರು. ಹೊರಡುವಾಗ ನನಗೆ, "ಇನ್ನ ಮ್ಯಾಲೆ ಗೌಡ್ರ ಅನಬ್ಯಾಡ, ಕಾಕಾ ಅನ್ನು," ಎಂದರು. ಅವರು ಹೋದ ಮೇಲೆ, ರಾಮದುರ್ಗದಿಂದ ಮರಳಿದ್ದ ಅಪ್ಪ ನನ್ನ ಎರಡೂ ಕೈಗಳನ್ನು ತನ್ನ ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದ.

ಕಾಳ್ಯಾ ತುಸು ಕುಂಟುತ್ತಲೇ ಐದಾರು ವರ್ಷ ಬಾಳಿತು. ಅಪ್ಪನೂ ಇಲ್ಲ, ಕಾಕಾನೂ ಇಲ್ಲ ಈಗ. ನಾನು ಬೈಲಹೊಂಗಲದಲ್ಲಿ ಹೈಸ್ಕೂಲಿನ ವಿಜ್ಞಾನ ಶಿಕ್ಷಕಿ. ಓದಿದವರು, ಅಧಿಕಾರ ಉಳ್ಳವರು, ಬಲ್ಲವರು ಎಷ್ಟೋ ಮಂದಿಯ ಜೊತೆ ಕೆಲಸ ಮಾಡಿದ್ದೇನೆ. ಆದರೆ ಇಡೀ ಊರು ನೋಡುತ್ತಿರುವಾಗ ನಡುರಸ್ತೆಯಲ್ಲಿ ಮೊಣಕಾಲೂರಿ, ಒಬ್ಬ ಸಣ್ಣ ಹುಡುಗಿಯನ್ನು "ಹೇಳು" ಎಂದು ಕೇಳಬಲ್ಲ ಅಷ್ಟು ಗಟ್ಟಿ ಮನುಷ್ಯ ನನಗೆ ಮತ್ತೆ ಸಿಗಲಿಲ್ಲ.