ನೊರೆಗೆ ಬಿಟ್ಟುಕೊಟ್ಟ ಮುಹೂರ್ತ

ಎತ್ತರದಿಂದ ಲೋಟಕ್ಕೆ ಕಾಫಿ ಬೀಳುವ ಸೊರ್ರೆಂಬ ಸದ್ದು. ಎನ್.ಆರ್. ಕಾಲೋನಿಯ ಆ ಮನೆ ಎಂದರೆ ನನಗೆ ಮೊದಲು ಕೇಳಿಸುವುದು ಅದೇ. ಅದು ಮದುವೆಯ ಹುಡುಗನ ಮನೆ; ಒಳಗೆ ಅವನ ತಾಯಿ ಕಾಫಿ ಬೆರೆಸುತ್ತಿದ್ದರು. ಹಾಲ್‌ನಲ್ಲಿ ನಾನು, ನನ್ನ ತಂಗಿಯ ಮಗಳು. ಅವಳ ಮದುವೆ ಮುಂದಕ್ಕೆ ಹಾಕಿ ಎಂದು ಕೇಳಲು ಬಂದಿದ್ದೆವು. ತಂಗಿ ಮುಖ ಊದಿಸಿಕೊಂಡು ಮನೆಯಲ್ಲೇ ಉಳಿದಿದ್ದಳು. ಕಾನ್ವೆಂಟ್‌ನಲ್ಲಿ ನನ್ಸ್ ಕಲಿಸಿದ ಎಟಿಕೆಟ್ ಯಾವುದೂ ಇಂಥ ಮಾತಿಗೆ ಒದಗುವುದಿಲ್ಲ.

ಹುಡುಗಿ ಫಿಸಿಕ್ಸ್‌ನಲ್ಲಿ ರಿಸರ್ಚ್ ಮಾಡುತ್ತಿದ್ದಳು. ಯೂರೋಪಿನ ಒಂದು ದೊಡ್ಡ ಎಕ್ಸ್-ರೇ ಯಂತ್ರಕ್ಕೆ ಅರ್ಜಿ ಹಾಕಿ ಬಹಳ ಕಾದಿದ್ದಳು. ಕೊನೆಗೆ ಸಿಕ್ಕ ಸ್ಲಾಟ್ ಮದುವೆಯ ವಾರಕ್ಕೇ ಬಿತ್ತು. ಅದು ಕೈತಪ್ಪಿದರೆ ಥೀಸಿಸ್ ಅಲ್ಲಿಗೇ ನಿಲ್ಲುತ್ತಿತ್ತು. ಮದುವೆ ತಪ್ಪಿದರೆ ಆಷಾಢ, ಇನ್ನು ಶ್ರಾವಣವೇ. ಆದರೆ ಮುಹೂರ್ತ ಬೇಗ ಇರಲಿ ಎಂದು ಹಟ ಹಿಡಿದವರು ಹುಡುಗನ ಅಜ್ಜಿ. ಅವರ ಹಾರ್ಟ್ ತುಂಬ ವೀಕ್ ಆಗಿತ್ತು. ಮೊಮ್ಮಗನ ಮದುವೆ ನೋಡಿಕೊಂಡೇ ಹೋಗಬೇಕೆಂಬ ಆಸೆ.

"ಇನ್ನೊಂದಿನ ಫೋಟೋ ತೆಗೀಬಾರ್ದೇನಮ್ಮ? ಎಲ್ಲಿಗೆ ಓಡಿಹೋಗತ್ತೆ ಅದು?" ಎಂದರು ಹುಡುಗನ ತಾಯಿ, ಲೋಟ ಇಡುತ್ತಾ.

"ಓಡಿಹೋಗೋದನ್ನೇ ಹಿಡೀಬೇಕು ಆಂಟಿ. ಈ ಕಾಫಿ ನೊರೆ ನೋಡಿ. ಮಾಮೂಲಿ ಸ್ಕ್ಯಾನ್ ಮುಗಿಯೋಷ್ಟ್ರಲ್ಲಿ ಅರ್ಧ ಗುಳ್ಳೆ ಒಡೆದಿರತ್ತೆ. ಅಲ್ಲಿ ನೊರೇನ ಎಕ್ಸ್-ರೇ ಮುಂದೆ ಗಿರ್ ಅಂತ ತಿರುಗಿಸ್ತಾರೆ. ಗುಳ್ಳೆ ಅಲ್ಲಾಡೋಕೆ ಮುಂಚೆ ಸುತ್ತಲಿಂದ್ಲೂ ಚಿತ್ರ. ಮತ್ತೆ ಮತ್ತೆ. ಒಳಗೆ ಏನಾಗ್ತಿದೆ ಅಂತ ಸಿನಿಮಾ ಥರ ಕಾಣತ್ತೆ."

"ನೊರೆ ನೋಡೋಕೆ ಮದುವೆ ಮುಂದಕ್ಕೆ. ಚೆನ್ನಾಗಿದೆ."

ಎದುರಿಗೆ ಕೂತಿದ್ದ ಅಜ್ಜಿ ತಮ್ಮ ಲೋಟದೊಳಗೆ ಬಗ್ಗಿ ನೋಡುತ್ತಲೇ ಇದ್ದರು. "ನಮ್ಮ ಪುರೋಹಿತರು ಶ್ರಾವಣದಲ್ಲಿ ಇನ್ನೊಂದು ಮುಹೂರ್ತ ಹುಡುಕ್ತಾರೆ. ಆ ಯಂತ್ರದೋರು ಪಂಚಾಂಗ ನೋಡಲ್ವಲ್ಲ. ಹೋಗ್ಬಾ ಪುಟ್ಟಿ."

"ಅಷ್ಟು ದಿನ ನೀವು..." ಎಂದ ಹುಡುಗನ ತಾಯಿ ಅಲ್ಲಿಗೇ ನಿಲ್ಲಿಸಿದರು.

"ಇರ್ತೀನಿ ಬಿಡೆ. ಇವಳ ಸಿನಿಮಾ ಬೇರೆ ನೋಡ್ಬೇಕಲ್ಲ."

ಶ್ರಾವಣದ ಮದುವೆಗೆ ಅಜ್ಜಿ ಇರಲಿಲ್ಲ. ನಾನು ಅವರನ್ನು ಕೊನೆಯದಾಗಿ ಕಂಡದ್ದು ಅವತ್ತು, ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ ತಿರುಗಿದಾಗ. ಲೋಟ ಇನ್ನೂ ಅವರ ಕೈಯಲ್ಲೇ ಇತ್ತು.

"ಆರಿಹೋಗತ್ತೆ, ಕುಡೀರಿ" ಎಂದೆ.

ಅವರು ತಲೆ ಎತ್ತಲಿಲ್ಲ. "ತಡೀರಿ. ಇನ್ನೂ ಒಂದೆರಡು ಗುಳ್ಳೆ ಇದೆ."