ದೊಡ್ಡಪ್ಪನ ಬಾಗಿಲು ಬಡಿಯದೆ ಬಂದ ದಿನ

ನಾನು ಚಿಕ್ಕವಳಿದ್ದಾಗ, ಎರಡು ಸಲ ಕರೆಯದಿದ್ದರೆ ನಮ್ಮವರು ಯಾರ ಮನೆಗೂ ಊಟಕ್ಕೆ ಹೋಗುತ್ತಿರಲಿಲ್ಲ. ಮೊದಲನೆಯ ಕರೆ ವಾರದ ಹಿಂದೆ. ಮನೆಯ ಹಿರಿಯರೇ ಹೋಗಿ, ಇಂಥ ದಿನ ನಮ್ಮಲ್ಲಿ ಊಟ ಎಂದು ಹೇಳಿ ಬರಬೇಕು. ಎರಡನೆಯದು ಊಟದ ದಿನ, ಅಡುಗೆಯಾಗಿ ಎಲೆ ಹಾಕುವ ಹೊತ್ತಿಗೆ. ಮನೆಯ ಮಗುವೊಂದು ಓಡಿಹೋಗಿ ಬಾಗಿಲು ಬಡಿದು, "ಎಲಿ ಹಾಕ್ಯಾರ, ಬರ್ರಿ" ಎನ್ನಬೇಕು. ಅಲ್ಲಿಯವರೆಗೆ ಹೊಟ್ಟೆ ಎಷ್ಟೇ ಚುರುಗುಟ್ಟಲಿ, ಕೂತವರು ಕೂತಲ್ಲಿಂದ ಏಳುತ್ತಿರಲಿಲ್ಲ. ಎರಡನೆಯ ಕರೆ ಬಾರದೆ ಊಟಕ್ಕೆ ಹೋಗುವುದೆಂದರೆ ಮಾನಗೇಡು. ಗದಗಿನ ಕಡೆಯ ಹಳ್ಳಿಗಳನ್ನು ಬಿಟ್ಟು ಮುಂಬಯಿಗೆ ಬಂದಿದ್ದರೂ ನಮ್ಮ ಹಿರಿಯರು ಈ ಪದ್ಧತಿಯನ್ನು ಮಾತ್ರ ಬಿಟ್ಟಿರಲಿಲ್ಲ.

ನಮ್ಮ ಮನೆಯಲ್ಲಿ ಕರೆಯುವ ಕೆಲಸ ನನ್ನದು. ಆಗ ನನಗೆ ಒಂಬತ್ತು ವರ್ಷ. ಬಾಯಿ ಜೋರು, ಕಾಲು ಅದಕ್ಕಿಂತ ಜೋರು. ನಗಬೇಡಿ, ಈ ಮಂಡಿನೋವಿನ ಅಜ್ಜಿ ಆಗ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರುತ್ತಿದ್ದಳು.

ನಾವಿದ್ದದ್ದು ಪರೇಲಿನ ಒಂದು ಚಾಳಿನ, ಅಂದರೆ ವಠಾರದ, ಎರಡನೆಯ ಮಾಳಿಗೆಯಲ್ಲಿ. ಅಪ್ಪ ಮಿಲ್ಲಿನಲ್ಲಿ ಫಿಟ್ಟರ್. ಅಪ್ಪ, ಅವ್ವ, ಅಕ್ಕ, ನಾನು, ನಾಲ್ವರಿಗೂ ಅಡುಗೆಗೂ ಮಲಗಲೂ ಒಂದೇ ಖೋಲಿ. ಹೊರಗೆ ಇಡೀ ಮಾಳಿಗೆಗೆ ಸೇರಿದ ಉದ್ದನೆಯ ಗ್ಯಾಲರಿ. ಅಪ್ಪನ ಅಣ್ಣ, ಅಂದರೆ ನಮ್ಮ ದೊಡ್ಡಪ್ಪ, ಎದುರು ಚಾಳಿನಲ್ಲಿ ಒಬ್ಬರೇ ಇದ್ದರು. ದೊಡ್ಡವ್ವ ತೀರಿಹೋಗಿ ಬಹಳ ವರ್ಷಗಳಾಗಿದ್ದವು. ನಡುವೆ ಇದ್ದದ್ದು ಒಂದು ಗಲ್ಲಿ ಅಷ್ಟೆ. ಆದರೆ ಎರಡು ವರ್ಷಗಳಿಂದ ಅಣ್ಣ ತಮ್ಮಂದಿರ ನಡುವೆ ಮಾತಿರಲಿಲ್ಲ.

ಜಗಳಕ್ಕೆ ಕಾರಣ ಅಕ್ಕ ನರ್ಸ್ ಕಲಿಯಲು ಹೋದದ್ದು. ನಮ್ಮ ಕ್ರೈಸ್ತ ಸಭೆಯಲ್ಲಿ ನರ್ಸ್ ಆದವರು ಇರಲಿಲ್ಲವೆಂದಲ್ಲ, ಆದರೆ ನಮ್ಮ ಮನೆತನದಲ್ಲಿ ಯಾರೂ ಇರಲಿಲ್ಲ. "ಪರಗಂಡಸರ ಮೈ ಒರಸೋ ಕೆಲಸಾ ನಮ್ಮ ಮನಿ ಹುಡುಗಿಗೆ ಬ್ಯಾಡ" ಎಂದು ದೊಡ್ಡಪ್ಪ ಕೂಗಾಡಿದ್ದರು. ಅಕ್ಕ ಅತ್ತಿದ್ದಳು. ಅಪ್ಪನಿಗೆ ಎಲ್ಲಿತ್ತೋ ಸಿಟ್ಟು, "ಹಂಗಿದ್ರ ನನ್ನ ಹೊಸ್ತಿಲಾ ತುಳೀಬ್ಯಾಡ" ಎಂದುಬಿಟ್ಟಿದ್ದರು. ದೊಡ್ಡಪ್ಪ ತುಳಿಯಲಿಲ್ಲ. ಆರಾಧನೆಗೆ ಬಂದರೂ ಕೊನೆಯ ಬೆಂಚಿನಲ್ಲಿ ಕೂತು, ಆಶೀರ್ವಾದಕ್ಕಿಂತ ಮೊದಲೇ ಎದ್ದು ಹೋಗುತ್ತಿದ್ದರು.

ಆ ವರ್ಷದ ಬೇಸಿಗೆಯಲ್ಲಿ ಅಕ್ಕ ಪಾಸಾದಳು. ಪುಣೆಯ ಆಸ್ಪತ್ರೆಯೊಂದರಲ್ಲಿ ಕೆಲಸವೂ ಸಿಕ್ಕಿತು. ದೇವರಿಗೆ ಉಪಕಾರ ಹೇಳಿ ನಾಲ್ಕು ಜನಕ್ಕೆ ಊಟ ಹಾಕೋಣ ಎಂದು ಅಪ್ಪ ಒಂದು ಭಾನುವಾರ ಗೊತ್ತುಮಾಡಿದರು. ಅದೇ ಮಧ್ಯಾಹ್ನ ಅಕ್ಕ ದಾದರಿನಲ್ಲಿ ಪುಣೆಯ ಗಾಡಿ ಹತ್ತಬೇಕಾಗಿತ್ತು. ಅಕ್ಕ ಕೇಳಿದ್ದು ಒಂದೇ ಒಂದು. "ದೊಡ್ಡಪ್ಪನ್ನ ಕರೀರಿ ಅಪ್ಪಾ. ಅವರು ಬಂದು ನನ್ನ ಕೈಯಿಂದ ಬಡಿಸಿಕೊಂಡು ಉಂಡ್ರ ಸಾಕು, ಮತ್ಯಾರು ಏನಂದ್ರೂ ನನಗ ಚಿಂತಿಲ್ಲ." ಅಪ್ಪ ಎರಡು ದಿನ ಒದ್ದಾಡಿದರು. ಮೂರನೆಯ ದಿನ ತಲೆಗೆ ಟೋಪಿ ಇಟ್ಟುಕೊಂಡು ಗಲ್ಲಿ ದಾಟಿ ಹೋಗಿ ಕರೆದು ಬಂದರು. ದೊಡ್ಡಪ್ಪ ಮುಖ ಎತ್ತದೆ "ನೋಡೂಣು" ಎಂದರಂತೆ.

ಆ ಭಾನುವಾರ ಅಯ್ಯನವರು ಪ್ರಸಂಗಕ್ಕೆ ಆರಿಸಿಕೊಂಡದ್ದು ಯೇಸುಸ್ವಾಮಿ ಹೇಳಿದ ಔತಣದ ಕಥೆಯನ್ನು. ಅಯ್ಯನವರು ಅಂದರೆ ನಮ್ಮ ಸಭೆಯ ಪಾದ್ರಿ. ಒಬ್ಬ ದೊಡ್ಡ ಮನುಷ್ಯ ಔತಣ ಮಾಡಿಸಿ, ಕರೆಸಿಕೊಂಡವರನ್ನು ಕರೆತರಲು ಆಳನ್ನು ಕಳಿಸುತ್ತಾನೆ. ಒಬ್ಬ ಹೊಲ ಕೊಂಡಿದ್ದೇನೆ ಎನ್ನುತ್ತಾನೆ, ಒಬ್ಬ ಎತ್ತು ಕೊಂಡಿದ್ದೇನೆ ಎನ್ನುತ್ತಾನೆ, ಇನ್ನೊಬ್ಬನಿಗೆ ಹೊಸದಾಗಿ ಮದುವೆಯಾಗಿದೆ. ಯಾರೂ ಬರುವುದಿಲ್ಲ. ಆಗ ಯಜಮಾನ, ಬೀದಿಯಲ್ಲಿರುವ ಬಡವರನ್ನೂ ಕುಂಟರನ್ನೂ ಕರೆತಂದು ಕೂರಿಸಿ ಎನ್ನುತ್ತಾನೆ. ದೇವರು ನಮ್ಮನ್ನು ಕರೆಯುವುದೂ ಹೀಗೆಯೇ, ಕೆಲಸವಿದೆ ಎಂದು ಜಾರಿಕೊಳ್ಳಬೇಡಿ ಎಂದು ಅಯ್ಯನವರು ಬೆಂಚು ಗುದ್ದಿ ಹೇಳಿದರು. ನಾನು ತಿರುಗಿ ದೊಡ್ಡಪ್ಪನನ್ನು ನೋಡಿದೆ. ಅವರು ನೆಲ ನೋಡುತ್ತಿದ್ದರು.

ಮನೆಗೆ ಬಂದಾಗ ಗ್ಯಾಲರಿಯಲ್ಲಿ ಚಾಪೆ ಹಾಸಿಯಾಗಿತ್ತು. ಮಟನ್ ಸಾರಿನ ಘಮ ಮೆಟ್ಟಿಲಿಳಿದು ಗಲ್ಲಿಯವರೆಗೂ ಹೋಗಿತ್ತು. ಅವ್ವ ಶ್ಯಾವಿಗೆ ಪಾಯಸಕ್ಕೆ ಏಲಕ್ಕಿ ಕುಟ್ಟುತ್ತಿದ್ದಳು. ಅಕ್ಕ ಬಿಳಿ ಸೀರೆ ಉಟ್ಟು ಪತ್ರಾವಳಿಗಳನ್ನು ಒರೆಸಿ ಒರೆಸಿ ಇಡುತ್ತಿದ್ದಳು. "ಓಡವಾ, ಎಲ್ಲಾರ್ನೂ ಕರಕೊಂಡು ಬಾ. ದೊಡ್ಡಪ್ಪನ್ನ ಮರೀಬ್ಯಾಡ" ಎಂದಳು.

ಅಯ್ಯನವರು ಆಗಲೇ ಬಂದು ಕೂತಿದ್ದರು. ಇನ್ನೆರಡು ಮನೆಯವರು ಕೂಡಲೇ ಎದ್ದು ಬಂದರು. ಆಮೇಲೆ ಶುರುವಾಯಿತು ನೋಡಿ. ಒಂದು ಮನೆಯಲ್ಲಿ ಚಪ್ಪಲಿ ಮೆಟ್ಟಿ ನಿಂತಿದ್ದರು. "ಬೊರಿವಲಿಯಾಗ ಜಾಗಾ ತಗೊಂಡೇವಿ, ಇವತ್ತ ನೋಡಾಕ ಹೋಗಬೇಕು" ಎಂದರು. ಆಗ ಬೊರಿವಲಿಯೆಂದರೆ ಬರೀ ಗದ್ದೆ, ಹುಲ್ಲು. ಅದು ಎಲ್ಲಿ ಓಡಿಹೋಗುತ್ತಿತ್ತೋ ನನಗಂತೂ ತಿಳಿಯಲಿಲ್ಲ. ಇನ್ನೊಂದು ಮನೆಯವರು ಹೊಸ ಹೊಲಿಗೆ ಮಷೀನಿನ ದಾರಿ ಕಾಯುತ್ತಿದ್ದರು. ಮೂರನೆಯವರು, "ಹೊಸಾ ಸೊಸಿ ಬಂದಾಳ, ಒಬ್ಬಾಕಿನ್ನ ಬಿಟ್ಟು ಹೆಂಗ ಬರೂದು?" ಎಂದರು. "ಸೊಸಿನ್ನೂ ಕರದೇವ್ರೀ!" ಎಂದೆ. ಬಾಗಿಲು ಮುಚ್ಚಿಕೊಂಡಿತು. ಅದರ ಹಿಂದಿನಿಂದ ಮಾತು ಕೇಳಿಸಿತು. "ಗಂಡಸರ ಮೈ ತೊಳದ ಕೈಲೆ ಬಡಸ್ತಾಳಂತ. ಆಕಿ ಸ್ವಂತ ದೊಡ್ಡಪ್ಪನೇ ಹೋಗೂದಿಲ್ಲ, ನಮಗೇನಾಗೇತಿ?"

ನನ್ನ ಕಿವಿ ಬಿಸಿಯಾಯಿತು. ಜಾಗವೂ ಅಲ್ಲ, ಮಷೀನೂ ಅಲ್ಲ, ಇವರಿಗೆ ನಮ್ಮ ಅಕ್ಕ ಬೇಡವಾಗಿದ್ದಳು.

ಉಳಿದದ್ದು ದೊಡ್ಡಪ್ಪನ ಮನೆ. ಎದುರು ಚಾಳಿನ ಮೂರು ಮಾಳಿಗೆ ಹತ್ತಿದೆ. ಬಾಗಿಲು ಮುಚ್ಚಿತ್ತು. ಬಡಿಯಲು ಕೈಯೆತ್ತಿದೆ. ಒಳಗೆ ದೊಡ್ಡಪ್ಪ ಕೆಮ್ಮಿದರು. ಅದೇ ದಪ್ಪ ದನಿ, ಅಕ್ಕನನ್ನು ಅಳಿಸಿದ ದನಿ. ಅದೇ ಮಾತನ್ನು ಇವರ ಬಾಯಿಂದಲೂ ಕೇಳಬೇಕಲ್ಲ ಎಂದು ಹೆದರಿಕೆಯಾಯಿತು. ಹೆದರಿಕೆಯ ಜೊತೆಗೆ ಸಿಟ್ಟೂ ಬಂತು. ಇವರು ಬಾರದಿದ್ದರೇ ಒಳ್ಳೆಯದು ಅನಿಸಿತು. ಎತ್ತಿದ ಕೈಯನ್ನು ಇಳಿಸಿ, ಸದ್ದಾಗದಂತೆ ಮೆಟ್ಟಿಲಿಳಿದು ಬಂದೆ.

ಗ್ಯಾಲರಿಯಲ್ಲಿ ಎಲ್ಲರೂ ನನ್ನ ಮುಖವನ್ನೇ ನೋಡಿದರು. ಮೂರು ಮನೆಯವರ ನೆವಗಳನ್ನು ಒಂದೊಂದಾಗಿ ಹೇಳಿದೆ. "ದೊಡ್ಡಪ್ಪ?" ಎಂದು ಅಪ್ಪ ಕೇಳಿದರು.

"ಬರೂದಿಲ್ಲಂತ" ಎಂದೆ.

ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ಅಕ್ಕನ ಕೈಯಲ್ಲಿದ್ದ ಪತ್ರಾವಳಿ ಅಲ್ಲೇ ನಿಂತಿತು. ಅವಳು ಅಳಲಿಲ್ಲ. ಅಳದೆ ಇದ್ದದ್ದೇ ನೋಡಲು ಕಷ್ಟವಾಯಿತು. ಅಪ್ಪ, "ಎಲಿ ಖಾಲಿ ಬಿಡಬಾರದು. ಬೆಳಿಗ್ಗೆ ಅಯ್ಯನವರು ಹೇಳಿಲ್ಲೇನು?" ಎನ್ನುತ್ತ ದಡದಡ ಕೆಳಗಿಳಿದರು.

ಅವರು ಮೇಲೆ ಬಂದಾಗ ಹಿಂದೆ ಒಂದು ಮೆರವಣಿಗೆಯೇ ಇತ್ತು. ಕೈಗಾಡಿ ಎಳೆಯುವ ಇಬ್ಬರು, ಚೂರಿಗೆ ಸಾಣೆ ಹಿಡಿಯುವ ಒಬ್ಬ ಮುದುಕ, ನಳದ ಹತ್ತಿರ ಮಲಗುತ್ತಿದ್ದ ಹೆಂಗಸು ಮತ್ತು ಅವಳ ಮೂರು ಮಕ್ಕಳು. ಚಾಪೆಯ ಅಂಚಿನಲ್ಲಿ ಕೂರುವುದೋ ಬೇಡವೋ ಎಂದು ನಿಂತಿದ್ದರು. "ಬಸಾ, ಬಸಾ" ಎಂದು ಅಪ್ಪ ಒಬ್ಬೊಬ್ಬರ ಭುಜ ಹಿಡಿದು ಕೂರಿಸಿದರು. ಗ್ಯಾಲರಿ ತುಂಬಿತು. ದೊಡ್ಡಪ್ಪನಿಗೆಂದು ಅಕ್ಕ ಇಟ್ಟಿದ್ದ ಎಲೆಯ ಮುಂದೆ ಸಾಣೆಯ ಮುದುಕ ಕೂತ.

ಅಯ್ಯನವರು ಪ್ರಾರ್ಥನೆಗೆ ಎದ್ದರು. ಊಟಕ್ಕಾಗಿ, ಅಕ್ಕನ ಕೆಲಸಕ್ಕಾಗಿ, ಬಂದ ಜನಕ್ಕಾಗಿ ಸ್ತೋತ್ರ ಹೇಳಿದರು. ಆಮೇಲೆ ದನಿ ತಗ್ಗಿಸಿ, "ತಂದೆಯೇ, ಎರಡು ಸಾರಿ ಕರೆದರೂ ಬರಲೊಲ್ಲದ ನಮ್ಮ ಹಿರಿಯ ಸಹೋದರನನ್ನು ಕ್ಷಮಿಸು, ಅವನ ಕಲ್ಲುಮನಸ್ಸನ್ನು ಕರಗಿಸು" ಎಂದರು.

ನನ್ನ ಕಣ್ಣು ತಾನಾಗಿಯೇ ತೆರೆದುಕೊಂಡಿತು. ದೇವರ ಮುಂದೆ ದೊಡ್ಡಪ್ಪನ ಮೇಲೆ ತಪ್ಪು ಹೊರಿಸಿಯಾಗಿತ್ತು, ಆದರೆ ತಪ್ಪು ಮಾಡಿದವಳು ನಾನು. ಅಪ್ಪ ಕಣ್ಣು ಮುಚ್ಚಿ ಆಮೆನ್ ಎನ್ನಲಿದ್ದರು. ಅದನ್ನು ಕೇಳಲಾರೆನಾಗಿ ಎದ್ದು ಓಡಿದೆ. "ಏ, ಎಲ್ಲಿಗೇ?" ಎಂದು ಅವ್ವ ಪಿಸುಗುಟ್ಟಿದ್ದು ಹಿಂದೆ ಉಳಿಯಿತು. ಗಲ್ಲಿಯ ಕಲ್ಲು ಸುಡುತ್ತಿತ್ತು, ಚಪ್ಪಲಿ ಹಾಕಿಕೊಳ್ಳಲು ಮರೆತಿದ್ದೆ. ಮೂರು ಮಾಳಿಗೆಯನ್ನು ಹೇಗೆ ಹತ್ತಿದೆನೋ ಗೊತ್ತಿಲ್ಲ. ಈ ಸಲ ಎರಡೂ ಕೈಯಿಂದ ಬಾಗಿಲು ಬಡಿದೆ.

ಬಾಗಿಲಿಗೆ ಅಗಳಿಯೇ ಹಾಕಿರಲಿಲ್ಲ. ತೆರೆದುಕೊಂಡಿತು.

ಎದುರಿಗೇ ಕುರ್ಚಿಯಲ್ಲಿ ದೊಡ್ಡಪ್ಪ ಕೂತಿದ್ದರು. ಆ ಕಡುಬೇಸಿಗೆಯ ಮಟಮಟ ಮಧ್ಯಾಹ್ನದಲ್ಲಿ ಕರಿ ಉಣ್ಣೆಯ ಕೋಟು ತೊಟ್ಟು, ಕುತ್ತಿಗೆಯವರೆಗೆ ಗುಂಡಿ ಹಾಕಿಕೊಂಡಿದ್ದರು. ಕಾಲಲ್ಲಿ ಬೂಟು. ಗಲ್ಲದಿಂದ ಬೆವರು ಇಳಿಯುತ್ತಿತ್ತು. ಒಲೆ ಹೊತ್ತಿಸಿದ ಗುರುತೇ ಇರಲಿಲ್ಲ.

"ಎಲಿ ಹಾಕ್ಯಾರ, ಬರ್ರಿ" ಎಂದೆ. ಹೇಳುತ್ತಿದ್ದಂತೆಯೇ ಅಳು ಬಂತು. "ಆಗಳೇ ಬಂದಿದ್ದೆ ದೊಡ್ಡಪ್ಪಾ, ಬಾಗಿಲಾ ಬಡೀಲಿಲ್ಲ. ನೀವು ಬರೂದಿಲ್ಲಂತ ಹೇಳಿಬಿಟ್ಟೆ."

"ನಿನ್ನ ಹೆಜ್ಜಿ ಸಪ್ಪಳ ಕೇಳಿತ್ತು" ಎಂದರು ದೊಡ್ಡಪ್ಪ. "ಬಂತು, ನಿಂತಿತು, ಹೊಳ್ಳಿ ಹೋತು. ನಿಮ್ಮಪ್ಪನ ಮನಸ್ಸು ತಿರುಗಿರಬೇಕು, ಕರೀಬ್ಯಾಡ ಬಾ ಅಂದಿರಬೇಕು ಅನ್ಕೊಂಡೆ. ಆದರೂ ಕೋಟು ಬಿಚ್ಚಾಕ ಮನಸಾಗಲಿಲ್ಲ ನೋಡು."

ಮಕ್ಕಳೇ, ನನಗೆ ಈಗ ಎಂಬತ್ತರ ಹತ್ತಿರ. ಆ ಮಾತನ್ನು ಇವತ್ತಿಗೂ ಮರೆತಿಲ್ಲ.

"ಬರ್ರಿ ಹೋಗೂಣು" ಎಂದು ಕೈ ಹಿಡಿದು ಎಳೆದೆ. ಅವರು ಏಳಲಿಲ್ಲ. "ಬರಲೊಲ್ಲೆ ಅಂದಾವ ಅಂತ ಎಲ್ಲಾರಿಗೂ ಗೊತ್ತಾತು. ಈಗ ಯಾವ ಮುಖಾ ಹೊತ್ಕೊಂಡು ಬರ್ಲಿ?" ಕೆಳಗೆ ಗಲ್ಲಿಯಲ್ಲಿ ಯಾರದೋ ರೇಡಿಯೋ ಒಂದು ಗಂಟೆಯ ವಾರ್ತೆ ಹೇಳುತ್ತಿತ್ತು. ಎರಡು ಗಂಟೆಗೆ ಅಕ್ಕ ಟ್ರಂಕು ಎತ್ತಿಕೊಂಡು ಹೊರಡುವವಳು. "ಎಲ್ಲಾರ ಮುಂದ ನಾನೇ ಹೇಳ್ತೀನ್ರಿ. ಅಪ್ಪ ಹೊಡದ್ರ ಹೊಡೀಲಿ. ಅಕ್ಕ ನಿಮ್ಮ ದಾರಿ ಕಾಯಾಕತ್ತಾಳ" ಎಂದೆ. ದೊಡ್ಡಪ್ಪ ಕುರ್ಚಿಯ ಕೈಯನ್ನು ಒತ್ತಿ ಹಿಡಿದು ಮೆಲ್ಲನೆ ಎದ್ದರು.

ನಾವು ಗ್ಯಾಲರಿಗೆ ಕಾಲಿಟ್ಟಾಗ ಎಲ್ಲರ ಕೈಯೂ ಎಲೆಯ ಮೇಲೆಯೇ ನಿಂತಿತು. "ದೊಡ್ಡಪ್ಪ ಬರೂದಿಲ್ಲ ಅಂದಿದ್ದಿಲ್ಲ. ನಾ ಕರದ ಇದ್ದಿಲ್ಲ. ಸುಳ್ಳು ಹೇಳಿದೆ" ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ. ಅಪ್ಪ ಎದ್ದರು. ಏಟು ಬಿತ್ತು ಎಂದು ನಾನು ಹೆಗಲು ಕುಗ್ಗಿಸಿದೆ. ಅವರು ನನ್ನನ್ನು ದಾಟಿಕೊಂಡು ಹೋದರು. ಅಣ್ಣನ ಎದುರು ನಿಂತು, ಮಿಲ್ಲಿನ ಎಣ್ಣೆ ಕುಡಿದು ಕಪ್ಪಾದ ಎರಡೂ ಕೈಗಳನ್ನು ಜೋಡಿಸಿದರು.

"ಅಣ್ಣಾ, ಎಲಿ ಹಾಕ್ಯಾರ. ಬಾ" ಎಂದರು.

ಎಲೆ ಹಾಕಲು ಜಾಗವೇ ಇರಲಿಲ್ಲ. ಸಾಣೆಯ ಮುದುಕನಿಗೆ ಕನ್ನಡ ತಿಳಿಯದಿದ್ದರೂ ವಿಷಯ ತಿಳಿಯಿತು. "ಇಕಡೇ ಯಾ, ಬಾಬಾ" ಎಂದು ಮರಾಠಿಯಲ್ಲಿ ಹತ್ತಿರ ಕರೆದು ತನ್ನ ಪತ್ರಾವಳಿಯನ್ನು ಗೋಡೆಯ ಕಡೆಗೆ ಸರಿಸಿದ. ಆ ಒಂದು ಗೇಣು ಜಾಗದಲ್ಲಿ, ಮುದುಕನಿಗೂ ಕೈಗಾಡಿಯವನಿಗೂ ನಡುವೆ, ಕೋಟು ತೊಟ್ಟ ದೊಡ್ಡಪ್ಪ ಮಂಡಿ ಮಡಚಿ ಕೂತರು. ಅಕ್ಕ ಅನ್ನದ ಬುಟ್ಟಿ ತಂದಳು. ಅವಳು ಬಡಿಸಿದ ರಭಸಕ್ಕೆ ಅನ್ನ ಎಲೆಯ ಹೊರಗೂ ಬಿತ್ತು. ದೊಡ್ಡಪ್ಪ ಅದನ್ನೂ ಆರಿಸಿ ಎಲೆಗೆ ಹಾಕಿಕೊಂಡರು. ಎರಡು ತುತ್ತು ಉಂಡು, ಎಲ್ಲರಿಗೂ ಕೇಳುವಂತೆ, "ಇನ್ನೊಂದೀಟು ಹಾಕವ್ವಾ. ನಿನ್ನ ಕೈಯಾಗಿಂದು ಹೊಟ್ಟಿ ತುಂಬಾ ಉಣ್ಣಬೇಕು ಇವತ್ತ" ಎಂದರು. ಅಕ್ಕ ಆಗ ಅತ್ತಳು, ನಗುತ್ತಲೇ ಅತ್ತಳು. ಊಟವಾದ ಮೇಲೆ ಅವಳ ಟ್ರಂಕನ್ನು ದಾದರಿನವರೆಗೆ ಹೊತ್ತವರೂ ದೊಡ್ಡಪ್ಪನೇ.

ಅಪ್ಪ ನನಗೆ ಹೊಡೆಯಲಿಲ್ಲ. ಮಾರನೆಯ ದಿನ ಅಯ್ಯನವರ ಮನೆಗೆ ಕರೆದೊಯ್ದು, ಪ್ರಾರ್ಥನೆಯಲ್ಲಿ ಹೇಳಿದ ಆ ಮಾತು ಸುಳ್ಳಿನ ಮೇಲೆ ನಿಂತದ್ದೆಂದು ನನ್ನ ಬಾಯಿಂದಲೇ ಹೇಳಿಸಿದರು. ಎರಡು ಏಟು ಹಾಕಿದ್ದರೂ ವಾಸಿಯಿತ್ತು.

ಆ ಔತಣದ ಕಥೆಯನ್ನು ಆಮೇಲೆ ಎಷ್ಟೋ ಸಲ ಕೇಳಿದ್ದೇನೆ. ಎಲ್ಲರೂ ಬರಲೊಲ್ಲದವರನ್ನು ಬೈಯುತ್ತಾರೆ. ನಾನು ಮಾತ್ರ ಆ ಆಳಿನ ಬಗ್ಗೆ ಯೋಚಿಸುತ್ತೇನೆ. ಅವನು ಪ್ರತಿ ಮನೆಯ ಬಾಗಿಲನ್ನೂ ನಿಜವಾಗಿ ಬಡಿದನಲ್ಲ, ಎಂಥ ಧೈರ್ಯ!

ಈಗ ನಾವಿರುವುದು ಕಾಂದಿವಲಿಯ ಹದಿನಾಲ್ಕನೆಯ ಮಾಳಿಗೆಯಲ್ಲಿ. ನಿಮ್ಮ ಮೊಬೈಲಿಗೆ ಚಿತ್ರವಿರುವ ಕರೆಯೋಲೆ ಬರುತ್ತದೆ, ಹೆಬ್ಬೆರಳಿನಲ್ಲಿ ಒತ್ತಿದರೆ ಉತ್ತರ ಹೋಗುತ್ತದೆ. ಎರಡನೆಯ ಕರೆ ಹಾಗಿರಲಿ, ಮೊದಲನೆಯದಕ್ಕೂ ಯಾರೂ ಮೆಟ್ಟಿಲು ಹತ್ತುವುದಿಲ್ಲ. ಅದನ್ನು ತಪ್ಪೆನ್ನುವುದಿಲ್ಲ, ನನ್ನ ಮಂಡಿಗೂ ಅದೇ ಆರಾಮ. ಆದರೆ ಮೊನ್ನೆ, ಇವತ್ತಿನ ನಿಮ್ಮ ಹುಟ್ಟುಹಬ್ಬಕ್ಕೆ ಕರೆಯುವವರ ಪಟ್ಟಿ ಮಾಡುವಾಗ ಒಂದು ಹೆಸರನ್ನು ಬಿಟ್ಟಿರಿ. ಯಾಕೆಂದು ಕೇಳಿದೆ. "ವೋ ನಹೀ ಆಯೇಗೀ, ಅಜ್ಜಿ" ಎಂದಿರಿ. ಅವಳು ಬರುವುದಿಲ್ಲವಂತೆ! ಕೇಳಿದಿರಾ ಎಂದರೆ ಇಬ್ಬರೂ ಇಲ್ಲವೆಂದು ತಲೆಯಾಡಿಸಿದಿರಿ. ಅವಳು ಇದೇ ಕಟ್ಟಡದ ಏಳನೆಯ ಮಾಳಿಗೆಯಲ್ಲೇ ಇದ್ದಾಳಲ್ಲ. ಹೊಸ ಫ್ರಾಕಿಗೆ ಇಸ್ತ್ರಿ ಮಾಡಿಸಿಕೊಂಡು ಕೂತಿದ್ದಾಳೋ ಏನೋ, ಯಾರಿಗೆ ಗೊತ್ತು? ಏಳಿ, ಲಿಫ್ಟಿನಲ್ಲಿ ಇಳಿದು ಹೋಗಿ ಬೆಲ್ ಒತ್ತಿ ಬನ್ನಿ. ಅಲ್ಲಿಯವರೆಗೆ ನಾನು ಕೇಕಿಗೆ ಚಾಕು ತಾಗಿಸಲು ಬಿಡುವುದಿಲ್ಲ.