ಜೀನ್ ಕಾಯುವ ಅಳಿಯ
ಬರ್ಕೋ ಕಂದ, ನಮ್ಮ ಅಳಿಯನಿಗೆ ಲ್ಯಾಬಿನಲ್ಲಿ ಒಂದೇ ಕೆಲಸ, ಭ್ರೂಣದಲ್ಲಿ ಯಾವ ಜೀನ್ ಯಾವಾಗ ಎಚ್ಚರಾಗುತ್ತೆ, ಯಾವಾಗ ಆಫ್ ಆಗುತ್ತೆ ಅಂತ ನೋಡೋದು. ಮೊದಮೊದಲು ಭ್ರೂಣ ತಾಯಿ ಹೇಳಿದ ಹಾಗೇ ಕೇಳುತ್ತಂತೆ, ಆಮೇಲೆ ಅದರ ಜೀನುಗಳೇ ಎದ್ದು ಕಾರುಬಾರು ಶುರು ಮಾಡುತ್ತವಂತೆ, ಥೇಟ್ ನಮ್ಮನೆ ಸೊಸೆಯಂದಿರ ಹಾಗೆ. ಮನೇಲಿ ಹಾಲು ಉಕ್ಕಿದರೆ ಅಳಿಯ, "ಆಫ್ ಆಗಬೇಕಾದ್ದು ಆಫ್ ಆಗಿಲ್ಲ ಅತ್ತೆ" ಅಂತಾನೇ ಹೊರತು ಒಲೆ ಆರಿಸಲ್ಲ. ಪಕ್ಕದ ಮನೆ ಬಸುರಿ, ಮಗುವಿನ ಮೂಗು ಯಾರ ಥರ ಇರುತ್ತೆ ಅಂತ ಕೇಳಿದ್ದಕ್ಕೆ, "ಅದಕ್ಕಿನ್ನೂ ಮೂಗಿನ ಯೋಚನೆ ಬಂದಿಲ್ಲಮ್ಮ" ಅಂದುಬಿಟ್ಟ. ನನ್ನ ಮಗಳಿಗೆ ಎರಡು ಸಲ ಬಸಿರು ನಿಲ್ಲಲಿಲ್ಲ. ಈಗ ಮತ್ತೆ ಬಸುರಿ. ನಿನ್ನೆ ಅವಳು, "ರೀ, ಹೃದಯದ ಜೀನ್ ಎದ್ದಿರುತ್ತಾ?" ಅಂತ ಕೇಳಿದಳು. ಅನ್ನ ಆರಿಹೋಗೋ ತನಕ ಪಾಠ ಮಾಡೋ ಮನುಷ್ಯ, "ನಂಗೊತ್ತಿಲ್ಲ ಕಣೇ" ಅಂತ ಅವಳ ಕಾಲು ಒತ್ತುತ್ತಾ ಕೂತ.